ನಮ್ಮೊಳಗಿನ ಕತ್ತರಿಗಳು

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಆಡಿದ ಮಾತು)



ಮಾತಾಡೋದಕ್ಕೆ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ವಿಷಯ ನೀನೇ ಆರಿಸ್ಕೋ ಅಂದ್ರು. ಡಿಎನ್‌ಎ ಕತ್ತರಿಸುವ ಕಿಣ್ವಗಳು ಅಂತ ಹೇಳಿದೆ. ಬಿ.ಎ. ಓದೋರಿಗೆ ಇದೆಲ್ಲ ಯಾಕೆ ಅಂತ ಕೆಲವರು ಕೇಳಿದ್ರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ನನ್ನ ಉತ್ತರ ಇದು.

ನಮ್ಮ ಬಗ್ಗೆ ಎರಡು ಮಾತು ಆಗಾಗ ಕೇಳಿ ಬರ್ತವೆ. ಒಂದು, "ಅದು ಅವರ ರಕ್ತದಲ್ಲೇ ಇದೆ" ಅನ್ನೋದು. ಮೊದಲು ರಕ್ತ ಅಂತಿದ್ದರು, ಈಗ ಸ್ವಲ್ಪ ಓದಿದವರು ಜೀನ್ ಅಂತಾರೆ, ಡಿಎನ್‌ಎ ಅಂತಾರೆ. ಪದ ಹೊಸದು, ಮಾತು ಹಳೆಯದೇ. ಇನ್ನೊಂದು, ನಮ್ಮವರಿಗೆ ಅನ್ಯಾಯ ಆಗಿ ಕೇಸ್ ಆದಾಗ ಹೇಳೋ ಮಾತು. "ಡಿಎನ್‌ಎ ರಿಪೋರ್ಟ್ ಬರಲಿ, ಆಮೇಲೆ ನೋಡೋಣ." ಈ ಎರಡು ಮಾತಿಗೂ ಎದುರುತ್ತರ ಕೊಡಬೇಕು ಅಂದ್ರೆ ಡಿಎನ್‌ಎ ಅಂದ್ರೇನು, ಅದನ್ನ ಕತ್ತರಿಸೋದು ಯಾವುದು ಅಂತ ನಮಗೂ ಸ್ವಲ್ಪ ಗೊತ್ತಿರಬೇಕು. ಅದಕ್ಕೆ ಬಿ.ಎಸ್ಸಿ. ಬೇಕಿಲ್ಲ, ಹತ್ತನೇ ಕ್ಲಾಸ್ ಪಾಠ ನೆನಪಿದ್ರೆ ಸಾಕು.

ಡಿಎನ್‌ಎ ಅಂದ್ರೆ ನಮ್ಮ ದೇಹದ ಪ್ರತಿ ಜೀವಕೋಶದೊಳಗೂ ಸುತ್ತಿಟ್ಟಿರೋ ಒಂದು ಉದ್ದದ ದಾರ. ಕೆಂಪು ರಕ್ತಕಣದಂಥ ಕೆಲವಲ್ಲಿ ಮಾತ್ರ ಇಲ್ಲ. ಆ ದಾರದಲ್ಲಿ ನಾಲ್ಕೇ ನಾಲ್ಕು ಅಕ್ಷರ: ಎ, ಟಿ, ಜಿ, ಸಿ. ದಾರ ಜೋಡಿ ದಾರ. ಒಂದು ಎಳೆಯಲ್ಲಿ ಎ ಇದ್ದರೆ ಎದುರು ಎಳೆಯಲ್ಲಿ ಟಿ, ಒಂದರಲ್ಲಿ ಜಿ ಇದ್ದರೆ ಎದುರು ಸಿ. ತಾಯಿಯಿಂದ ಸುಮಾರು 300 ಕೋಟಿ ಅಕ್ಷರ, ತಂದೆಯಿಂದ ಸುಮಾರು 300 ಕೋಟಿ ಅಕ್ಷರ. ಕಣ್ಣಿನ ಬಣ್ಣದಿಂದ ಹಿಡಿದು ರಕ್ತ ಹೆಪ್ಪುಗಟ್ಟೋ ತನಕ ದೇಹ ನಡೆಸೋ ಕೆಲಸಕ್ಕೆ ಬೇಕಾದ ಬರಹ ಅದು.

ಕಿಣ್ವ ಅಂದ್ರೆ, ನಾವು ತಮಿಳು ಪುಸ್ತಕದಲ್ಲಿ 'ನೊದಿ' ಅಂತ ಓದಿದ್ದೀವಲ್ಲ, ಅದೇ. ದೇಹದೊಳಗೆ ಕೆಲಸ ಮಾಡೋ ಪ್ರೋಟೀನ್. ಅನ್ನ ಅಗೀತಾ ಇದ್ರೆ ಸಿಹಿಯಾಗ್ತದೆ, ಅದು ಎಂಜಲಿನಲ್ಲಿರೋ ಒಂದು ಕಿಣ್ವದ ಕೆಲಸ. ಹಾಗೇ ಡಿಎನ್‌ಎ ದಾರವನ್ನ ಕತ್ತರಿಸೋ ಕಿಣ್ವಗಳೂ ಇವೆ. ಕತ್ತರಿಗಳಲ್ಲಿ ಬಹಳ ಬಗೆ. ನಾನು ಮೂರು ಬಗೆ ಹೇಳ್ತೀನಿ.

ಮೊದಲನೇ ಕತ್ತರಿ, ಗುರುತು ನೋಡಿ ಕತ್ತರಿಸೋದು.

ಇದು ಬ್ಯಾಕ್ಟೀರಿಯಾಗಳ ಹತ್ತಿರ ಇರೋ ಕತ್ತರಿ. ಬ್ಯಾಕ್ಟೀರಿಯಾಗಳಿಗೂ ರೋಗ ಬರ್ತದೆ, ಅವುಗಳ ಒಳಗೂ ವೈರಸ್ ನುಗ್ತದೆ. ನುಗ್ಗಿದ ವೈರಸ್ಸಿನ ಡಿಎನ್‌ಎಯನ್ನ ಕತ್ತರಿಸಿ ಹಾಕೋಕೆ ಅವು ಈ ಕಿಣ್ವಗಳನ್ನ ಇಟ್ಟುಕೊಂಡಿವೆ. ನಮ್ಮ ಹೊಟ್ಟೆಯಲ್ಲಿರೋ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾದ ಒಂದು ತಳಿಯಿಂದ ಸಿಕ್ಕಿದ್ದು 'ಇಕೋ ಆರ್ ಒನ್' ಅನ್ನೋ ಕತ್ತರಿ. ಅದು ದಾರದ ಮೇಲೆ ಹೋಗ್ತಾ ಜಿ-ಎ-ಎ-ಟಿ-ಟಿ-ಸಿ ಅನ್ನೋ ಆರು ಅಕ್ಷರ ಸಿಕ್ಕ ಕಡೆ ಕತ್ತರಿಸ್ತದೆ. ಆ ಆರು ಅಕ್ಷರದಲ್ಲಿ ಒಂದು ವಿಶೇಷ ಇದೆ. 'ವಿಕಟಕವಿ' ಅನ್ನೋ ಪದವನ್ನ ಹಿಂದಿನಿಂದ ಓದಿದ್ರೂ ವಿಕಟಕವಿಯೇ. ಇಲ್ಲೂ ಹಾಗೇ, ಆದರೆ ಎದುರು ಎಳೆಯನ್ನ ಹಿಂದಿನಿಂದ ಓದಬೇಕು. ಮನೆಗೆ ಹೋಗಿ ಒಂದು ಹಾಳೆಯಲ್ಲಿ ಬರೆದು ನೋಡಿ.

ಅಮೆರಿಕದ ಹ್ಯಾಮಿಲ್ಟನ್ ಸ್ಮಿತ್ ಇಂಥ ಒಂದು ಕಿಣ್ವ ನಿರ್ದಿಷ್ಟ ಅಕ್ಷರಗಳ ಕಡೆ ಮಾತ್ರ ಕತ್ತರಿಸ್ತದೆ ಅಂತ 1970ರಲ್ಲಿ ತೋರಿಸಿದರು. ಅವರಿಗೂ ವರ್ನರ್ ಆರ್ಬರ್, ಡೇನಿಯಲ್ ನೇಥನ್ಸ್ ಇಬ್ಬರಿಗೂ 1978ರಲ್ಲಿ ನೊಬೆಲ್ ಬಂತು. ಕತ್ತರಿಸೋದು ಗೊತ್ತಾದ ಮೇಲೆ ಅಂಟಿಸೋದಕ್ಕೆ ಬೇರೆ ಕಿಣ್ವ ಇತ್ತು. ಮನುಷ್ಯರ ಇನ್ಸುಲಿನ್ ಬರಹವನ್ನ ಬ್ಯಾಕ್ಟೀರಿಯಾ ಒಳಗೆ ಸೇರಿಸಿ ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಔಷಧಿಯಾಗಿ ಮಾರಾಟಕ್ಕೆ ಬಂತು. ಅದಕ್ಕೆ ಮೊದಲು ಹಂದಿ, ಹಸುಗಳ ಮೇದೋಜೀರಕ ಗ್ರಂಥಿಯಿಂದ ತೆಗೀತಿದ್ದರು. ನಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಹಾಕಿಕೊಳ್ಳೋ ಅಜ್ಜಿಯರಿದ್ದಾರಲ್ಲ, ಆ ಸಣ್ಣ ಬಾಟಲಿಯ ಹಿಂದೆ ಈ ಕತ್ತರಿಯ ಕತೆ ಇದೆ.

ನಮಗೆ ಹತ್ತಿರದ ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ 'ಕೆಪಿಎನ್ ಒನ್' ಅನ್ನೋ ಕತ್ತರಿಯನ್ನ ಪರೀಕ್ಷೆ ಮಾಡಿತು. ಮೆಗ್ನೀಸಿಯಂ ಇರೋ ನೀರಲ್ಲಿ ಅದು ತನ್ನ ಗುರುತು ಬಿಟ್ಟು ಬೇರೆ ಕಡೆಯೂ ಕತ್ತರಿಸ್ತದೆ. ಕ್ಯಾಲ್ಸಿಯಂ ಇದ್ದರೆ ಸರಿಯಾದ ಜಾಗದಲ್ಲೇ ಕತ್ತರಿಸ್ತದೆ. 2004ರಲ್ಲಿ ಇದನ್ನ ಪ್ರಕಟಿಸಿದರು. ಕತ್ತರಿ ಒಂದೇ, ಸುತ್ತಲಿನ ನೀರು ಬದಲಾದ್ರೆ ಕೆಲಸವೂ ಬದಲಾಗ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಇಲ್ಲಿ ಒಬ್ಬರು ಒಂದು ಪ್ರಶ್ನೆ ಕೇಳಬಹುದು. "ನೋಡಿದ್ಯಾ, ಬ್ಯಾಕ್ಟೀರಿಯಾ ಕೂಡ ನಮ್ಮವರು ಬೇರೆಯವರು ಅಂತ ಭೇದ ಮಾಡ್ತದೆ, ಇದು ಪ್ರಕೃತಿಯೇ ಮಾಡಿದ್ದು." ಹಾಗಲ್ಲ. ಆ ಆರು ಅಕ್ಷರ ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎಯಲ್ಲೂ ಇರ್ತವೆ. ಹಾಗಾದ್ರೆ ತನ್ನನ್ನೇ ತಾನು ಯಾಕೆ ಕತ್ತರಿಸಿಕೊಳ್ಳೋದಿಲ್ಲ? ಇನ್ನೊಂದು ಕಿಣ್ವ ಬಂದು ಆ ಅಕ್ಷರಗಳ ಮೇಲೆ ಮಿಥೈಲ್ ಅನ್ನೋ ಒಂದು ಸಣ್ಣ ಬೊಟ್ಟು ಇಡ್ತದೆ. ಬೊಟ್ಟು ಇದ್ದರೆ ಕತ್ತರಿ ಮುಟ್ಟೋದಿಲ್ಲ. ಅಕ್ಷರ ಇಬ್ಬರದ್ದೂ ಒಂದೇ, ಬೊಟ್ಟು ಮಾತ್ರ ಆಮೇಲೆ ಇಟ್ಟದ್ದು. ಒಂದು ವೈರಸ್ ಹೇಗೋ ತಪ್ಪಿಸಿಕೊಂಡು ಅದೇ ಬ್ಯಾಕ್ಟೀರಿಯಾದೊಳಗೆ ಬೆಳೆದರೆ ಅದರ ಮರಿಗಳಿಗೂ ಅದೇ ಬೊಟ್ಟು ಬೀಳ್ತದೆ, ಆಮೇಲೆ ಅವನ್ನ ಆ ಬ್ಯಾಕ್ಟೀರಿಯಾದ ಕತ್ತರಿ ಮುಟ್ಟೋದಿಲ್ಲ. ಬೇರೆ ಮನೆಯಲ್ಲಿ ಬೆಳೆದರೆ ಆ ಬೊಟ್ಟು ಹೋಗಿಬಿಡ್ತದೆ. 1950ರ ದಶಕದಲ್ಲಿ ವಿಜ್ಞಾನಿಗಳಿಗೆ ಈ ಕತ್ತರಿಯ ಸುಳಿವು ಸಿಕ್ಕಿದ್ದೇ ಇದರಿಂದ. ಹುಟ್ಟಿನಿಂದ ಬಂದು ಏನು ಮಾಡಿದ್ರೂ ಹೋಗದ ಗುರುತು ಇದಲ್ಲ. ಜಾತಿಗೆ ಇದನ್ನ ಉದಾಹರಣೆ ಕೊಡೋರು ಪಾಠ ಅರ್ಧ ಓದಿದ್ದಾರೆ.

ಎರಡನೇ ಕತ್ತರಿ, ನಮ್ಮೊಳಗೇ ಇರೋದು.

ಇದರ ಹೆಸರು 'ಸ್ಪೋ ಇಲೆವೆನ್'. 1997ರಲ್ಲಿ ಯೀಸ್ಟ್‌ನಲ್ಲಿ ಇದರ ಕೆಲಸ ಕಂಡುಹಿಡಿದರು. ಮನುಷ್ಯರಲ್ಲೂ ಇದೆ, ಗಿಡ ಮರಗಳಲ್ಲೂ ಇದೆ. ಹೆಂಗಸರಲ್ಲಿ ಅಂಡಾಣು, ಗಂಡಸರಲ್ಲಿ ವೀರ್ಯಾಣು ತಯಾರಾಗೋ ಹೊತ್ತಲ್ಲಿ ಇದು ಕೆಲಸಕ್ಕೆ ಇಳೀತದೆ. ನಿಮ್ಮ ತಾಯಿಯಿಂದ ಬಂದ ದಾರ, ತಂದೆಯಿಂದ ಬಂದ ದಾರ ಎರಡೂ ಪಕ್ಕಪಕ್ಕ ಬರ್ತವೆ. ಈ ಕಿಣ್ವ ನೂರಕ್ಕೂ ಹೆಚ್ಚು ಕಡೆ ದಾರ ಕತ್ತರಿಸ್ತದೆ. ಮತ್ತೆ ಕೂಡಿಸುವಾಗ ಕೆಲವು ಕಡೆ ತಾಯಿ ಕಡೆ ತುಂಡು ತಂದೆ ಕಡೆ ದಾರಕ್ಕೆ, ತಂದೆ ಕಡೆ ತುಂಡು ತಾಯಿ ಕಡೆ ದಾರಕ್ಕೆ ಸೇರ್ತದೆ. ಹೀಗೆ ಕಲೆತ ದಾರ ನಿಮ್ಮ ಮಗುವಿಗೆ ಹೋಗ್ತದೆ.

ಈ ಕತ್ತರಿಸೋದು ನಡೀದೇ ಹೋದ್ರೆ ಏನಾಗ್ತದೆ? ಈ ಕಿಣ್ವ ಇಲ್ಲದ ಇಲಿಗಳಿಗೆ ಮರಿ ಆಗೋದಿಲ್ಲ. ಅಂದ್ರೆ ಕಲೆಯೋದು ಯಾವಾಗಲೋ ಆಗೋ ಅಪಘಾತ ಅಲ್ಲ. ಕತ್ತರಿಸಿ ಕಲೆಸಿದ್ರೇನೇ ವಂಶ ಮುಂದುವರಿಯೋದು. "ನಮ್ಮದು ಶುದ್ಧ ರಕ್ತ, ಕಲೆಸಬಾರದು" ಅನ್ನೋರ ದೇಹವೇ ಪ್ರತಿ ತಲೆಮಾರಲ್ಲೂ ಕಲೆಸಿಕೊಂಡು ಬಂದಿದೆ.

"ಅದು ಸರಿ, ಆದರೆ ಒಂದೇ ಜಾತಿಯೊಳಗೆ ತಾನೇ ಕಲೆಯೋದು?" ಅಂತ ಕೇಳಬಹುದು. ಆ ಪ್ರಶ್ನೆಗೂ ಉತ್ತರ ಇದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕುಮಾರಸಾಮಿ ತಂಗರಾಜ್, ಲಾಲ್‌ಜಿ ಸಿಂಗ್, ಅಮೆರಿಕದ ಡೇವಿಡ್ ರೈಕ್ ಮೊದಲಾದವರು ಸೇರಿ ಭಾರತದ ಹಲವಾರು ಸಮುದಾಯಗಳ ಡಿಎನ್‌ಎ ನೋಡಿದರು. 2013ರಲ್ಲಿ ಅವರು ಹೇಳಿದ್ದು ಹೀಗೆ: ಸುಮಾರು 4200 ವರ್ಷದ ಹಿಂದಿನಿಂದ ಸುಮಾರು 1900 ವರ್ಷದ ಹಿಂದಿನ ತನಕ ಈ ದೇಶದ ಜನ ಒಬ್ಬರೊಳಗೊಬ್ಬರು ಚೆನ್ನಾಗಿ ಕಲೆತರು. ಆಮೇಲೆ ಕಲೆಯೋದು ನಿಂತುಹೋಯ್ತು, ತಮ್ಮ ಗುಂಪಿನೊಳಗೇ ಮದುವೆ ಅನ್ನೋ ಕಟ್ಟು ಬಂತು. ಕಲೆಯದೆ ಉಳಿದ ಗುಂಪು ಹೆಚ್ಚುಕಡಿಮೆ ಯಾವುದೂ ಇಲ್ಲ. ಮೇಲೆ ಅಂದುಕೊಂಡವರದ್ದೂ ಕಲೆತದ್ದೇ, ಕೆಳಗೆ ಇಟ್ಟವರದ್ದೂ ಕಲೆತದ್ದೇ.

ಯಾವ ಡಿಎನ್‌ಎ ಯಂತ್ರವೂ ಇಲ್ಲದ ಕಾಲದಲ್ಲಿ, 1916ರ ಮೇ 9ರಂದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ವರ್ಷದ ಒಬ್ಬ ವಿದ್ಯಾರ್ಥಿ ಒಂದು ಪ್ರಬಂಧ ಓದಿದರು. ಭಾರತದ ಜನ ಕಲೆತ ಜನವೇ, ಹಾಗೆ ಕಲೆತವರ ಮೇಲೆ ಒಳಮದುವೆಯ ಕಟ್ಟು ಹಾಕಿದ್ದರಿಂದಲೇ ಜಾತಿ ಹುಟ್ಟಿತು ಅಂತ ಅದರಲ್ಲಿ ವಾದಿಸಿದರು. ಆ ವಿದ್ಯಾರ್ಥಿ ನಮ್ಮ ಬಾಬಾಸಾಹೇಬರು. ಕಟ್ಟು ರಕ್ತದಿಂದ ಬಂದದ್ದಲ್ಲ, ಜನ ಹಾಕಿದ್ದು. ಜನ ಹಾಕಿದ್ದನ್ನ ಜನ ಬಿಚ್ಚಬಹುದು.

ಬಿಚ್ಚೋಕೆ ಹೋದ್ರೆ ಏನಾಗ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2012ರ ನವೆಂಬರ್ 7ರಂದು ಇದೇ ಧರ್ಮಪುರಿ ಜಿಲ್ಲೆಯ ನತ್ತಂ, ಅಣ್ಣಾ ನಗರ, ಕೊಂಡಂಪಟ್ಟಿ ಕಾಲೊನಿಗಳು ಬೆಂಕಿಯಲ್ಲಿ ಬೆಂದವು. ಒಬ್ಬ ಹುಡುಗ, ಒಬ್ಬ ಹುಡುಗಿ ಜಾತಿ ದಾಟಿ ಮದುವೆ ಆದದ್ದೇ ನೆಪ. ಮನೆ ಸುಟ್ಟವರು ಯಾವುದನ್ನ ಕಾಪಾಡ್ತಿದ್ದೀವಿ ಅಂದುಕೊಂಡಿದ್ದರೋ, ಅಂಥದ್ದು ಯಾರ ದೇಹದಲ್ಲೂ ಇಲ್ಲ. ಇದನ್ನ ನಾವು ನೋವಿನಿಂದ ಮಾತ್ರ ಅಲ್ಲ, ಪುಸ್ತಕ ತೆರೆದು ತೋರಿಸಿಯೂ ಹೇಳಬೇಕು.

ನಮ್ಮ ಮನೆಗಳಿಗೂ ಒಂದು ಮಾತು. ಅಕ್ಕನ ಮಗಳನ್ನ, ಮಾವನ ಮಗಳನ್ನ ಕೊಟ್ಟು ತಂದು ಮಾಡೋದು ನಮ್ಮಲ್ಲೂ ಇದೆ. ಗಂಡ ಹೆಂಡತಿ ಹತ್ತಿರದ ಸಂಬಂಧ ಆದ್ರೆ ಇಬ್ಬರ ದಾರದಲ್ಲೂ ಒಂದೇ ಕಡೆ ಒಂದೇ ದೋಷ ಇರೋ ಸಾಧ್ಯತೆ ಹೆಚ್ಚು. ಆಗ ಎಷ್ಟು ಕತ್ತರಿಸಿ ಕೂಡಿಸಿದ್ರೂ ಮಗುವಿಗೆ ಆ ದೋಷ ಎರಡು ಕಡೆಯಿಂದಲೂ ಬರಬಹುದು. ಹೊರಗಿನ ಕಟ್ಟನ್ನ ಪ್ರಶ್ನೆ ಮಾಡೋ ನಾವು ಇದನ್ನೂ ಮನೆಯಲ್ಲಿ ಕೂತು ಮಾತಾಡಬೇಕು.

ಮೂರನೇ ಕತ್ತರಿ, ಕಂಡಕಂಡ ಕಡೆ ಕತ್ತರಿಸೋದು.

ಇದಕ್ಕೆ 'ಡಿಎನೇಸ್' ಅಂತಾರೆ. ಇದು ಗುರುತು ಏನೂ ನೋಡೋದಿಲ್ಲ, ಸಿಕ್ಕ ಡಿಎನ್‌ಎಯನ್ನ ಪುಡಿ ಮಾಡ್ತದೆ. ನಮ್ಮ ಎಂಜಲಿನಲ್ಲಿ, ರಕ್ತದಲ್ಲಿ, ಮೂತ್ರದಲ್ಲಿ ಇದೆ. ಮಣ್ಣಿನ, ನೀರಿನ ಬ್ಯಾಕ್ಟೀರಿಯಾಗಳು, ಬೂಷ್ಟು ಇದನ್ನ ಹೊರಗೆ ಬಿಡ್ತವೆ. ನಾವು ತಿಂದ ಊಟದಲ್ಲಿರೋ ಡಿಎನ್‌ಎ ಜೀರ್ಣ ಆಗೋದೂ ಇಂಥ ಕಿಣ್ವದಿಂದಲೇ. ಬದುಕೋಕೆ ಬೇಕಾದದ್ದೇ. ಆದರೆ ಕೋರ್ಟಿಗೆ ಹೋಗಬೇಕಾದ ಸಾಕ್ಷಿಗೆ ಇದೇ ದೊಡ್ಡ ಶತ್ರು.

ಡಿಎನ್‌ಎ ಸಾಕ್ಷಿ ಹುಟ್ಟಿದ ಕತೆ ಕೇಳಿ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಮೊದಲನೇ ಬಗೆಯ ಕತ್ತರಿಯಿಂದ ಡಿಎನ್‌ಎ ಕತ್ತರಿಸಿ, ತುಂಡುಗಳ ಉದ್ದ ಒಬ್ಬೊಬ್ಬರಿಗೂ ಬೇರೆ ಬೇರೆ ಅಂತ ಕಂಡರು. ಆಮೇಲೆ ಅಲ್ಲೇ ಹತ್ತಿರ ಇಬ್ಬರು ಹುಡುಗಿಯರ ಕೊಲೆ ಕೇಸಲ್ಲಿ ಪೊಲೀಸರು 17 ವಯಸ್ಸಿನ ಒಬ್ಬ ಹುಡುಗನನ್ನ ಹಿಡಿದಿದ್ದರು. ಒಂದು ಕೊಲೆಯನ್ನ ಅವನು ಒಪ್ಪಿಕೊಂಡೂ ಇದ್ದ. ಡಿಎನ್‌ಎ ನೋಡಿದರೆ ಅವನದ್ದಲ್ಲ. ಅವನನ್ನ ಬಿಟ್ಟರು. ನಿಜವಾದ ಕೊಲೆಗಾರ ಆಮೇಲೆ ಸಿಕ್ಕಿ 1988ರಲ್ಲಿ ಶಿಕ್ಷೆಯಾಯ್ತು. ಕೊಲೆ ಕೇಸಿಗೆ ಬಂದ ಡಿಎನ್‌ಎ ಪರೀಕ್ಷೆ ಮೊದಲು ಮಾಡಿದ ಕೆಲಸ ತಪ್ಪೊಪ್ಪಿಗೆ ಕೊಟ್ಟ ನಿರಪರಾಧಿಯನ್ನ ಬಿಡಿಸಿದ್ದು. ನಮ್ಮ ಹುಡುಗರು ಇದನ್ನ ನೆನಪಿಡಬೇಕು.

ನಮ್ಮ ದೇಶದಲ್ಲಿ ಲಾಲ್‌ಜಿ ಸಿಂಗ್ ಸಿಸಿಎಂಬಿಯಲ್ಲಿ ಈ ಪರೀಕ್ಷೆ ತಂದರು. ಕೇರಳದ ತಲಶ್ಶೇರಿಯಲ್ಲಿ ಮಗು ನನ್ನದಲ್ಲ ಅಂದ ಒಬ್ಬ ಗಂಡಸಿನ ವಿರುದ್ಧ, ಅವನೇ ತಂದೆ ಅಂತ ಈ ಪರೀಕ್ಷೆ ತೋರಿಸಿತು. 1991ರಲ್ಲಿ ಕೇರಳ ಹೈಕೋರ್ಟ್ ಅದನ್ನ ಒಪ್ಪಿತು. ಕೈಬಿಟ್ಟ ಹೆಂಗಸಿನ ಮಾತು ನಿಜ ಅಂತ ಆಯ್ತು. ಈಗಿನ ಪರೀಕ್ಷೆಯಲ್ಲಿ ಕತ್ತರಿಸೋ ಬದಲು ಬೇಕಾದ ತುಂಡನ್ನ ನಕಲು ಮಾಡಿ ಹೆಚ್ಚಿಸ್ತಾರೆ. ಆದರೆ ನಕಲು ಮಾಡೋಕೆ ಮೊದಲು ಮೂಲ ಪ್ರತಿ ಉಳಿದಿರಬೇಕಲ್ಲ?

ಇನ್ನು ವೇಂಗೈವಯಲ್. ಪುದುಕ್ಕೋಟ್ಟೈ ಜಿಲ್ಲೆಯ ಈ ಊರಲ್ಲಿ ನಮ್ಮ ಜನ ಕುಡಿಯೋ ನೀರಿನ ಟ್ಯಾಂಕಿನಲ್ಲಿ 2022ರ ಡಿಸೆಂಬರ್‌ನಲ್ಲಿ ಮಲ ಸಿಕ್ಕಿತು. ಸಿಬಿಸಿಐಡಿ ತನಿಖೆಯಲ್ಲಿ ಹಲವರ ಡಿಎನ್‌ಎ ಮಾದರಿ ಕೇಳಿದರು, ಆ ನೀರು ಕುಡಿದವರನ್ನೂ ಕೇಳಿದರು. 2025ರ ಜನವರಿಯಲ್ಲಿ ಆ ಊರಿನ ದಲಿತರೇ ಮೂವರ ಮೇಲೆ ಚಾರ್ಜ್‌ಶೀಟ್ ಹಾಕಿದ್ದೀವಿ ಅಂದರು. ಊರಿನ ಜನ ಒಪ್ಪಲಿಲ್ಲ, ಸಿಬಿಐ ತನಿಖೆ ಕೇಳಿದರು. ಕೇಸಿನ ತೀರ್ಮಾನ ನನ್ನ ಕೆಲಸ ಅಲ್ಲ. ನಾನು ಹೇಳೋದು ಕಿಣ್ವದ ಮಾತು ಮಾತ್ರ. ಮಲದಲ್ಲಿ ಮನುಷ್ಯರ ಡಿಎನ್‌ಎಗಿಂತ ಬ್ಯಾಕ್ಟೀರಿಯಾ ಡಿಎನ್‌ಎಯೇ ಹೆಚ್ಚು. ಅದು ನೀರಲ್ಲಿ ಕರಗಿದರೆ ಆ ಬ್ಯಾಕ್ಟೀರಿಯಾಗಳ ಕತ್ತರಿಗಳೂ ಜೊತೆಗೇ ಇರ್ತವೆ. ಗಂಟೆ ಕಳೆದಂತೆ ಸಾಕ್ಷಿ ಕರಗ್ತದೆ. ಇಂಥ ಕಡೆ ಡಿಎನ್‌ಎ ಒಂದನ್ನೇ ನಂಬಿ ಕೂರೋಕಾಗೋದಿಲ್ಲ. ಆಗಲೇ ಹೇಳಿದೆನಲ್ಲ, ಸುತ್ತಲಿನ ನೀರು ಬದಲಾದ್ರೆ ಕತ್ತರಿಯ ಕೆಲಸ ಬದಲಾಗ್ತದೆ ಅಂತ. ಸಾಕ್ಷಿಯನ್ನ ಯಾರು, ಯಾವಾಗ, ಯಾವುದರಲ್ಲಿ ತೆಗೆದಿಟ್ಟರು ಅನ್ನೋದು ರಿಪೋರ್ಟ್‌ನಷ್ಟೇ ಮುಖ್ಯ.

ಹಾಗಾದ್ರೆ ನಾವು ಮಾಡಬೇಕಾದ್ದೇನು? ಇಷ್ಟು ನೆನಪಿಡಿ.

ಹೆಂಗಸರ ಮೇಲೆ, ಮಕ್ಕಳ ಮೇಲೆ ಅತ್ಯಾಚಾರ ಆದ್ರೆ ಸ್ನಾನ ಮಾಡೋದಕ್ಕೆ, ಬಟ್ಟೆ ಒಗೆಯೋದಕ್ಕೆ ಮೊದಲು ಆಸ್ಪತ್ರೆಗೆ ಹೋಗಬೇಕು. ಮೊದಲ ಮೂರು ದಿನ ಬಹಳ ಮುಖ್ಯ. ಬಟ್ಟೆ ಬದಲಾಯಿಸಿದ್ದರೆ ಒಗೆಯದೆ ಪೇಪರ್ ಕವರಿನಲ್ಲಿ ಹಾಕಿ ತಗೊಂಡು ಹೋಗಿ. ಪ್ಲಾಸ್ಟಿಕ್ ಕವರ್ ಬೇಡ. ಒದ್ದೆ ಬಟ್ಟೆ ಪ್ಲಾಸ್ಟಿಕ್‌ನಲ್ಲಿ ಬೆವರಿ ಬ್ಯಾಕ್ಟೀರಿಯಾ ಬೆಳೀತದೆ, ಡಿಎನೇಸ್ ತನ್ನ ಕೆಲಸ ಮಾಡ್ತದೆ. ಒದ್ದೆ ಇದ್ದರೆ ನೆರಳಲ್ಲಿ ಆರಬೇಕು, ಬಿಸಿಲಲ್ಲಿ ಅಲ್ಲ. ಒಣಗಿದ ಕಡೆ ಈ ಕತ್ತರಿ ನಡೆಯೋದಿಲ್ಲ. ಹಲ್ಲೆ, ಕೊಲೆ ಆದ ಜಾಗದಲ್ಲಿ ಯಾವುದನ್ನೂ ಬರಿಗೈಲಿ ಮುಟ್ಟಬೇಡಿ, ಫೋಟೋ ತೆಗೆದು ಪೊಲೀಸರು ಬರೋ ತನಕ ಕಾಯಿರಿ.

ಜಿಎಚ್‌ನಲ್ಲಿ ರಕ್ತ ಪರೀಕ್ಷೆಗೆ ನೇರಳೆ ಮುಚ್ಚಳದ ಸಣ್ಣ ಟ್ಯೂಬಿನಲ್ಲಿ ರಕ್ತ ಹಾಕೋದು ನೋಡಿರ್ತೀರ. ಅದರೊಳಗೆ ಇಡಿಟಿಎ ಅನ್ನೋ ಮದ್ದು ಇದೆ. ಡಿಎನೇಸ್‌ಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಇಲ್ಲದೆ ಕೈ ಆಡೋದಿಲ್ಲ. ಆ ಮದ್ದು ಅವೆರಡನ್ನೂ ಹಿಡಿದು ಕಟ್ಟಿಹಾಕ್ತದೆ, ಡಿಎನ್‌ಎ ಉಳೀತದೆ. ಇಷ್ಟು ಸಣ್ಣ ವಿಷಯದ ಮೇಲೆ ಒಂದು ಕೇಸ್ ನಿಲ್ಲಬಹುದು, ಬೀಳಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರೋ ಬಿಎನ್‌ಎಸ್‌ಎಸ್ ಕಾನೂನಿನ 184ನೇ ವಿಧಿ ಪ್ರಕಾರ, ಅತ್ಯಾಚಾರದ ಮಾಹಿತಿ ಪೊಲೀಸರಿಗೆ ಬಂದ 24 ಗಂಟೆಯೊಳಗೆ, ಆಕೆಯ ಒಪ್ಪಿಗೆ ಪಡೆದು ಡಾಕ್ಟರ ಹತ್ತಿರ ಕಳಿಸಬೇಕು. ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯ 18ಎ ವಿಧಿ ಪ್ರಕಾರ ಎಫ್‌ಐಆರ್ ಹಾಕೋಕೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ದೂರು ತಗೊಳ್ಳದಿದ್ದರೆ 14566 ಅನ್ನೋ ಸಹಾಯವಾಣಿ ಇದೆ. ಮೊಬೈಲಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ.

ತಡವಾಯ್ತು, ಬಟ್ಟೆ ಒಗೆದುಬಿಟ್ಟೆವು, ಇನ್ನೇನು ಪ್ರಯೋಜನ ಅಂತ ಯಾರೂ ಸುಮ್ಮನಾಗಬೇಡಿ. ಡಿಎನ್‌ಎ ಸಿಗಲಿಲ್ಲ ಅಂದ್ರೆ ಕತ್ತರಿ ಮೊದಲೇ ಬಂದು ಹೋಯ್ತು ಅಂತ ಇರಬಹುದು, ಅನ್ಯಾಯ ನಡೆದಿಲ್ಲ ಅಂತ ಅರ್ಥ ಅಲ್ಲ. ನಂಬಿಕೆಗೆ ಅರ್ಹವಾಗಿದ್ದರೆ ಆಕೆಯೊಬ್ಬಳ ಮಾತಿನ ಮೇಲೇ ಶಿಕ್ಷೆ ಕೊಡಬಹುದು ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. "ಡಿಎನ್‌ಎ ಬರಲಿ ನೋಡೋಣ" ಅನ್ನೋರಿಗೆ ಈ ಉತ್ತರ ಕೊಡಿ.

ಸಂಘಕ್ಕೆ ನನ್ನದು ಎರಡು ಕೋರಿಕೆ. ಒಂದು, ಸಂಘದ ಕಟ್ಟಡದಲ್ಲಿ ಒಂದು ಪೆಟ್ಟಿಗೆ ಇಡೋಣ: ಪೇಪರ್ ಕವರುಗಳು, ಕೈಗೆ ಹಾಕೋ ಗ್ಲೌಸ್, ಒಂದು ನೋಟ್‌ಬುಕ್, ಪೆನ್ನು, ಮೇಲೆ ಹೇಳಿದ ಮಾತುಗಳನ್ನ ಕನ್ನಡದಲ್ಲೂ ತಮಿಳಲ್ಲೂ ಬರೆದ ಒಂದು ಹಾಳೆ. ಅದರ ಖರ್ಚು ಒಂದು ಫ್ಲೆಕ್ಸ್ ಬ್ಯಾನರಿನಷ್ಟೂ ಆಗೋದಿಲ್ಲ. ಎರಡು, ಪ್ಲಸ್ ಟೂನಲ್ಲಿ ವಿಜ್ಞಾನ ತಗೊಳ್ಳೋ ಮಕ್ಕಳಿಗೆ ಸಂಜೆ ಪಾಠ ಶುರು ಮಾಡೋಣ. ಲ್ಯಾಬಿನಲ್ಲಿ ಕೂತು ರಿಪೋರ್ಟ್ ಬರೆಯೋರು, ಕೋರ್ಟಿನಲ್ಲಿ ನಿಂತು ಆ ರಿಪೋರ್ಟನ್ನ ಪ್ರಶ್ನೆ ಮಾಡೋರು ನಮ್ಮ ಬೀದಿಯಿಂದಲೂ ಬರಬೇಕು. ಆ ಪಾಠಕ್ಕೆ ಬಿ.ಎ. ಓದೋ ನಾನೂ ಬಂದು ಹಿಂದಿನ ಸಾಲಲ್ಲಿ ಕೂರ್ತೀನಿ.